ಸರತಿ ಸಾಲು ಎಲ್ಲಿಗೆ ಹೋಯಿತು?

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಟರ್ನೆಟ್ ಇಲ್ಲದ ಕಾಲದಲ್ಲಿ ಬದುಕು ಚೆನ್ನಾಗಿತ್ತೇ? ಐವತ್ತು ದಾಟಿದವರನ್ನು ಕೇಳಿ, ಬಹಳ ಜನ ಹೌದೆನ್ನುತ್ತಾರೆ. ಹಾಗೆಂದವರೇ ಸಂಜೆ ಹಾಸ್ಟೆಲಿನಲ್ಲಿರುವ ಮಗನಿಗೆ ಕೂತಲ್ಲಿಂದಲೇ ದುಡ್ಡು ಕಳಿಸುತ್ತಾರೆ. ಅವರೇನೂ ಸುಳ್ಳು ಹೇಳುತ್ತಿಲ್ಲ. ಪ್ರಶ್ನೆಯೇ ತೀರ ದೊಡ್ಡದು. ಬದುಕು ಅಂದರೆ ಯಾವುದು? ಪಹಣಿ ತೆಗೆಸುವುದೋ, ಊರಿಗೆ ದುಡ್ಡು ಕಳಿಸುವುದೋ, ರೈಲಿಗೆ ಟಿಕೆಟ್ ಮಾಡಿಸುವುದೋ, ರೇಷನ್ ತರುವುದೋ? ಒಂದೊಂದನ್ನೇ ಬಿಡಿಸಿ ನೋಡಿದರೆ ಉತ್ತರ ಬೇರೆಬೇರೆಯೇ ಬರುತ್ತದೆ.

ಮೊದಲು, 'ಇಂಟರ್ನೆಟ್ ಬರುವ ಮೊದಲು' ಅಂದರೆ ಯಾವಾಗ? ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸೇವೆ ತೆರೆದದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅದಕ್ಕೆ ಎರಡು ವಾರ ಮೊದಲು, ಜುಲೈ 31ರಂದು, ದೇಶದ ಮೊದಲ ಮೊಬೈಲ್ ಕರೆ ಆಗಿತ್ತು. ಆದರೆ ಹಾವೇರಿಯದೋ ಮಂಡ್ಯದೋ ಒಂದು ಮನೆಯಲ್ಲಿ ಆ ವರ್ಷ ಏನೂ ಬದಲಾಗಲಿಲ್ಲ. 2003ರವರೆಗೆ ಮೊಬೈಲಿಗೆ ಬರುವ ಕರೆಗೂ ದುಡ್ಡು ಕೊಡಬೇಕಿತ್ತು. ನಿಜವಾದ ತಿರುವು 2016. ಏಪ್ರಿಲಿನಲ್ಲಿ ಯುಪಿಐ ಬಂತು, ಸೆಪ್ಟೆಂಬರಿನಲ್ಲಿ ಅಗ್ಗದ 4ಜಿ ಬಂತು, ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟು ರದ್ದಾಯಿತು. ಆ ಒಂದು ವರ್ಷ ಮಾಡಿದ್ದನ್ನು ಹಿಂದಿನ ಇಪ್ಪತ್ತು ವರ್ಷ ಮಾಡಿರಲಿಲ್ಲ.

ಇನ್ನೊಂದು ಎಚ್ಚರಿಕೆ. ಆಗಿನ ಎಲ್ಲ ಕಷ್ಟಕ್ಕೂ ಇಂಟರ್ನೆಟ್ ಇಲ್ಲದ್ದೇ ಕಾರಣವಲ್ಲ. ಮನೆಗೆ ಫೋನ್ ಬೇಕೆಂದು ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾಯುತ್ತಿದ್ದರಲ್ಲ, ಅದು ಎಕ್ಸ್‌ಚೇಂಜಿನಲ್ಲಿ ಲೈನ್ ಸಾಲದೆ ಆದದ್ದು. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಇಂಟರ್ನೆಟ್ಟಿಗೆ ಮೊದಲೇ ಆ ಬವಣೆಯನ್ನು ಅರ್ಧ ತೀರಿಸಿದ್ದವು. ರಾತ್ರಿ ಹೊತ್ತಾದಂತೆ ದರ ಅರ್ಧಕ್ಕಿಳಿದು, ಆಮೇಲೆ ಕಾಲು ಭಾಗಕ್ಕಿಳಿಯುತ್ತಿತ್ತು. ಊಟ ಮುಗಿಸಿದ ಜನ ಬೂತಿನ ಮುಂದೆ ಸಾಲುಗಟ್ಟುತ್ತಿದ್ದದ್ದು ಅದಕ್ಕೆ.

ಈಗ ಪಹಣಿಗೆ ಬರೋಣ. ಜಮೀನು ಎಷ್ಟು, ಯಾರದು ಎಂದು ಹೇಳುವ ದಾಖಲೆ ಅದು. ರೈತರ ಮನೆಯಲ್ಲಿ ಅದಕ್ಕಿಂತ ಮುಖ್ಯವಾದ ಕಾಗದ ಬೇರೆ ಇಲ್ಲ.

ಮೊದಲು ಪಹಣಿ ಪುಸ್ತಕ ಇರುತ್ತಿದ್ದದ್ದು ಗ್ರಾಮ ಲೆಕ್ಕಿಗರ ಕೈಯಲ್ಲಿ. ರಾಜ್ಯದಲ್ಲಿ ಅಂಥವರು ಸುಮಾರು 9,000 ಮಂದಿ. ಒಬ್ಬೊಬ್ಬರಿಗೆ ಹಲವು ಹಳ್ಳಿ. ಸಾಲಕ್ಕೆ ಪಹಣಿ ಬೇಕಾದರೆ ಮೊದಲ ಕೆಲಸ ಲೆಕ್ಕಿಗರು ಇವತ್ತು ಯಾವ ಊರಲ್ಲಿದ್ದಾರೆ ಎಂದು ಪತ್ತೆ ಹಚ್ಚುವುದು. ಸಿಕ್ಕರೆ ಕೈಬರಹದಲ್ಲಿ ನಕಲು ಮಾಡಿ ಸಹಿ ಹಾಕಿ ಕೊಡಬೇಕು, ಅದಕ್ಕೊಂದಿಷ್ಟು ಮೇಲುಖರ್ಚು. ಪುಸ್ತಕ ಒಬ್ಬರ ಬಳಿಯೇ ಇದ್ದದ್ದರಿಂದ ಅದರಲ್ಲಿ ಏನು ತಿದ್ದಿದರೂ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ತುಂಡು ಭೂಮಿಯ ಸುತ್ತ ಹುಟ್ಟಿದ ಎಷ್ಟೋ ವ್ಯಾಜ್ಯಗಳ ಬೇರು ಆ ಪುಸ್ತಕದ ಒಂದು ಅಡ್ಡಗೆರೆಯಲ್ಲಿದೆ.

2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂತು. ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ದಾಖಲೆ ಬದಲಿಸುವ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಹಾಗಾಗಿ ಯಾರು ತಿದ್ದಿದರು ಎಂಬುದು ಉಳಿಯುತ್ತದೆ. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಇಲ್ಲೂ ಒಂದು ಮಾತು: ಆರಂಭದಲ್ಲಿ ಇದು ತಾಲೂಕು ಕಚೇರಿಯ ಕಂಪ್ಯೂಟರಿನ ಕೆಲಸ. ಇಂಟರ್ನೆಟ್ಟು ಆಮೇಲೆ ಬಂದು ಸೇರಿಕೊಂಡಿತು.

ಹಾಗಾದರೆ ತೊಂದರೆ ಎಲ್ಲಿ? ಕೈಬರಹದಲ್ಲಿದ್ದ ತಪ್ಪುಗಳೂ ಕಂಪ್ಯೂಟರಿಗೆ ಏರಿದವು. ತೀರ ಸಾಮಾನ್ಯವಾದದ್ದು ಕಾಲಂ 3 ಮತ್ತು ಕಾಲಂ 9 ತಾಳೆಯಾಗದಿರುವುದು. ಕಾಲಂ 3ರಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಇರುತ್ತದೆ. ಕಾಲಂ 9ರಲ್ಲಿ ಹಕ್ಕುದಾರರ ಹೆಸರು, ಅವರವರ ಪಾಲು. ಒಟ್ಟು 4 ಎಕರೆ ಎನ್ನೋಣ. ಮೂವರು ಅಣ್ಣತಮ್ಮಂದಿರು ಅಳತೆ ಮಾಡಿಸದೆ ಬಾಯಿಮಾತಿನಲ್ಲಿ ಹಂಚಿಕೊಂಡು, ತಲಾ 1 ಎಕರೆ 15 ಗುಂಟೆ ಎಂದು ಬರೆಸಿದರು. 40 ಗುಂಟೆಗೆ ಒಂದು ಎಕರೆಯಂತೆ ಕೂಡಿಸಿ, 4 ಎಕರೆ 5 ಗುಂಟೆ ಆಗುತ್ತದೆ. ಪುಸ್ತಕ ಈ ಐದು ಗುಂಟೆಯನ್ನು ಸಹಿಸಿಕೊಂಡಿತ್ತು. ಕಂಪ್ಯೂಟರ್ ಸಹಿಸುವುದಿಲ್ಲ. ಮಾರಾಟಕ್ಕೋ, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೋ ಹೋದ ದಿನ ತಡೆಯುತ್ತದೆ. ಇದರ ಜೊತೆ ಹೆಸರಿನ ಗೋಳು: ಪಹಣಿಯಲ್ಲಿ ಸಿದ್ದಪ್ಪ, ಆಧಾರಿನಲ್ಲಿ ಸಿದ್ಧಪ್ಪ. ಒಂದು ಒತ್ತಕ್ಷರಕ್ಕೆ ಪರಿಹಾರದ ಹಣ ನಿಲ್ಲುತ್ತದೆ.

ಸರಿಪಡಿಸಲು ನಾಲ್ಕು ಕಾಗದ ಹೊಂದಿಸಿಕೊಳ್ಳಿ. ಹಳೆಯ ಕೈಬರಹದ ಪಹಣಿಯ ನಕಲು, ಹಕ್ಕು ಬದಲಾದದ್ದನ್ನು ಬರೆದಿಡುವ ಮ್ಯುಟೇಶನ್ ರಿಜಿಸ್ಟರಿನ ಪ್ರತಿ ಅಂದರೆ ಎಂ.ಆರ್., ಸರ್ವೆ ನಂಬರಿನ ವಿಸ್ತೀರ್ಣ ತೋರಿಸುವ ಸರ್ವೆ ಇಲಾಖೆಯ ಆಕಾರಬಂದ್, ಮತ್ತು ಅಳತೆಯ ನಕ್ಷೆಯಾದ ಟಿಪ್ಪಣಿ. ಬರಹದ ತಪ್ಪಾದರೆ ತಹಶೀಲ್ದಾರರ ಹಂತದಲ್ಲೇ ತಿದ್ದುಪಡಿ ಆಗುತ್ತದೆ. ಹಕ್ಕಿನ ತಕರಾರೇ ಆದರೆ ಉಪವಿಭಾಗಾಧಿಕಾರಿಯವರೆಗೆ, ಇಲ್ಲವೇ ಕೋರ್ಟಿಗೆ ಹೋಗುತ್ತದೆ. ಕಂಪ್ಯೂಟರ್ ಪಹಣಿ ಬಂತಲ್ಲ ಎಂದು ಅಜ್ಜನ ಕಾಲದ ಕಾಗದಗಳನ್ನು ಒಲೆಗೆ ಹಾಕಿದವರು ಇಲ್ಲಿ ಪೇಚಿಗೆ ಸಿಗುತ್ತಾರೆ. ಪಹಣಿಯ ಮಟ್ಟಿಗೆ ಈಗಿನ ಕಾಲವೇ ಮೇಲು, ಅನುಮಾನ ಬೇಡ. ಆದರೆ ಕಾಯುವುದು ತಪ್ಪಲಿಲ್ಲ, ಜಾಗ ಬದಲಾಯಿಸಿತು. ಆಗ ಕೆಲಸಕ್ಕೆ ಮೊದಲು ಎಲ್ಲರೂ ಕಾಯುತ್ತಿದ್ದರು. ಈಗ ಕೆಟ್ಟ ಮೇಲೆ ಕೆಲವರು ಮಾತ್ರ ಕಾಯುತ್ತಾರೆ, ಬಹಳ ಹೊತ್ತು ಕಾಯುತ್ತಾರೆ.

ದುಡ್ಡಿನಲ್ಲೂ ಇದೇ ಕಥೆ. ಮನಿಯಾರ್ಡರ್ ಮಾಡಿಸುವವರು ಅಂಚೆ ಕಚೇರಿಯಲ್ಲಿ ಫಾರಂ ತುಂಬಿ, 20 ರೂಪಾಯಿಗೆ 1 ರೂಪಾಯಿಯಂತೆ ಕಮಿಷನ್ ಕಟ್ಟಬೇಕಿತ್ತು. 500 ರೂಪಾಯಿ ಕಳಿಸಲು 25 ರೂಪಾಯಿ. ಫಾರಂನ ತುದಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗ: 'ಕ್ಷೇಮ. ಅಮ್ಮನ ಔಷಧಿಗೆ ಇದನ್ನು ಇಟ್ಟುಕೊಳ್ಳುವುದು.' ದಿನಗಳ ಮೇಲೆ ಪೋಸ್ಟ್‌ಮನ್ ಜಗಲಿಗೆ ಬಂದು ನೋಟು ಎಣಿಸಿ ಕೊಟ್ಟು, ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಂಡು ಹೋಗುತ್ತಿದ್ದರು. ಹಣ ಮುಟ್ಟಿದ ರಸೀದಿ ಕಳಿಸಿದವರಿಗೆ ವಾಪಸು ಬರುತ್ತಿತ್ತು. ನಿಧಾನ, ದುಬಾರಿ. ಕಾಫಿಗೆಂದು ಪೋಸ್ಟ್‌ಮನ್ ಕೈಗೆ ಒಂದೆರಡು ರೂಪಾಯಿ ಬೇರೆ. ಆದರೆ ದುಡ್ಡು ಯಾರ ಕೈಗೆ ಹೋಯಿತು ಎಂಬುದನ್ನು ಮುಖ ನೋಡಿ ಬಲ್ಲವರೊಬ್ಬರು ನಡುವೆ ಇದ್ದರು.

ಯುಪಿಐಯಲ್ಲಿ ಆ ನಡುವಿನವರಿಲ್ಲ. ಅದಕ್ಕೇ ಅದು ಕ್ಷಣದಲ್ಲಿ ಆಗುತ್ತದೆ, ಅದಕ್ಕೇ ತಪ್ಪಿದರೆ ಕೈ ಸುಡುತ್ತದೆ. ಕೆಡುವುದರಲ್ಲಿ ಮೂರು ಬಗೆ, ಮೂರಕ್ಕೂ ಮದ್ದು ಬೇರೆ. ಒಂದು, ನಿಮ್ಮ ಖಾತೆಯಿಂದ ಹಣ ಹೋಯಿತು, ಅವರಿಗೆ ಸೇರಲಿಲ್ಲ. ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ, ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ ತಾನಾಗಿ ವಾಪಸು ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಕೇಳುವಾಗ 12 ಅಂಕಿಯ ವ್ಯವಹಾರ ಸಂಖ್ಯೆ ಬೇಕು, ಅದಿಲ್ಲದೆ ಬ್ಯಾಂಕಿನಲ್ಲಿ ಮಾತು ಮುಂದೆ ಹೋಗದು. ಎರಡು, ನೀವೇ ತಪ್ಪು ನಂಬರಿಗೆ ಕಳಿಸಿದಿರಿ. ಪಡೆದವರು ಒಪ್ಪದೆ ಬ್ಯಾಂಕು ಹಿಂದಕ್ಕೆ ತೆಗೆಯಲಾರದು. ಆದ್ದರಿಂದ ಹೊಸಬರಿಗೆ ಕಳಿಸುವಾಗ ಮೊದಲು 1 ರೂಪಾಯಿ ಕಳಿಸಿ, ಪರದೆಯ ಮೇಲೆ ಬಂದ ಹೆಸರನ್ನು ಓದಿ, ಮುಟ್ಟಿತೇ ಎಂದು ಕೇಳಿ, ಆಮೇಲೆ ಉಳಿದದ್ದು.

ಮೂರನೆಯದು ಮೋಸ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಮೋಸ ಹೋದದ್ದು ತಿಳಿದ ಕೂಡಲೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ನಾಚಿಕೆಯಿಂದ ಮನೆಯವರಿಗೂ ಹೇಳದೆ ರಾತ್ರಿ ಕಳೆಯುವುದೇ ಇಲ್ಲಿ ಆಗುವ ದೊಡ್ಡ ಅನಾಹುತ. ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರುತ್ತಿರುತ್ತದೆ, ಮೊದಲ ಒಂದೆರಡು ಗಂಟೆಯಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ಆದ ವಂಚನೆಯನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ಒಟಿಪಿ ನೀವೇ ಹೇಳಿಬಿಟ್ಟಿದ್ದರೆ, ತಿಳಿಸುವವರೆಗೆ ಆದ ನಷ್ಟ ನಿಮ್ಮದೇ.

ರೈಲು ಟಿಕೆಟಿಗೆ ಹೆಚ್ಚು ಹೊತ್ತು ಬೇಡ. ಮನೆಯಿಂದಲೇ ಟಿಕೆಟ್ ಮಾಡಿಸುವುದು 2002ರ ಆಗಸ್ಟಿನಿಂದ ಸಾಧ್ಯವಾಯಿತು. ಆದರೆ ಬರ್ತ್‌ಗಳ ಸಂಖ್ಯೆ ಇಂಟರ್ನೆಟ್ಟಿನಿಂದ ಹೆಚ್ಚುವುದಿಲ್ಲವಲ್ಲ! ಹಿಂದೆ ದೀಪಾವಳಿಗೆ ಬೆಳಗಿನ ಜಾವ ಕೌಂಟರಿನ ಮುಂದೆ ಚೀಲ ಇಟ್ಟು ಸಾಲು ಹಿಡಿಯುತ್ತಿದ್ದರು. ಈಗ ತತ್ಕಾಲಿಗೆ, ಎಸಿ ಆದರೆ 10 ಗಂಟೆ, ಸ್ಲೀಪರ್ ಆದರೆ 11 ಗಂಟೆ ಹೊಡೆಯುವಾಗ ಎಲ್ಲರೂ ಒಟ್ಟಿಗೆ ಬೆರಳೊತ್ತುತ್ತಾರೆ. ಆಗ ಬೇಗ ಎದ್ದವರಿಗೆ ಸಿಗುತ್ತಿತ್ತು, ಈಗ ನೆಟ್‌ವರ್ಕ್ ಚೆನ್ನಾಗಿರುವವರಿಗೆ. ಯಾವುದು ಹೆಚ್ಚು ನ್ಯಾಯ ಎಂದು ಹೇಳುವುದು ಕಷ್ಟ. ಒಂದು ವ್ಯತ್ಯಾಸ ಗೊತ್ತಿರಲಿ: ಆನ್‌ಲೈನ್ ಟಿಕೆಟ್ ಚಾರ್ಟ್ ಆದ ಮೇಲೂ ವೇಟಿಂಗಿನಲ್ಲೇ ಉಳಿದರೆ ತಾನಾಗಿ ರದ್ದಾಗಿ ಹಣ ಖಾತೆಗೆ ಬರುತ್ತದೆ. ಕೌಂಟರಿನ ಟಿಕೆಟನ್ನು ಗಾಡಿ ಹೊರಡುವ 30 ನಿಮಿಷ ಮೊದಲೇ ರದ್ದು ಮಾಡಿಸಬೇಕು. ಸುಮ್ಮನೆ ಜೇಬಿನಲ್ಲಿಟ್ಟುಕೊಂಡರೆ ಹಣ ಬಾರದು.

ನ್ಯಾಯಬೆಲೆ ಅಂಗಡಿಯ ವಿಷಯ ಮಾತ್ರ ಎರಡು ಅಲಗಿನದು. ಹಳೆಯ ಕಾಲದಲ್ಲಿ ನೀವು ಅಕ್ಕಿ ಒಯ್ಯದಿದ್ದರೂ ರಿಜಿಸ್ಟರಿನಲ್ಲಿ ಒಯ್ದಂತೆ ಬರೆಯಬಹುದಿತ್ತು. ಬೆರಳಚ್ಚು ಯಂತ್ರ ಅದಕ್ಕೆ ಕಡಿವಾಣ ಹಾಕಿತು. ಆದರೆ ಸಿಮೆಂಟು ಕಲಸುವವರ, ಅಡಿಕೆ ಸುಲಿಯುವವರ, ಪಾತ್ರೆ ತಿಕ್ಕುವವರ ಬೆರಳಿನ ಗೆರೆ ಸವೆದಿರುತ್ತದೆ. ವಯಸ್ಸಾದವರ ಚರ್ಮ ಒಣಗಿರುತ್ತದೆ. ಯಂತ್ರ ಒಪ್ಪುವುದಿಲ್ಲ. ಒಪ್ಪಿದರೂ 'ಸರ್ವರ್ ಡೌನ್'! ಆ ಎರಡು ಪದ ಈಗ ಅಚ್ಚಗನ್ನಡದ್ದೇ ಆಗಿಬಿಟ್ಟಿವೆ. ಕೈ ತೊಳೆದು ಒರೆಸಿ, ಸ್ವಲ್ಪ ಹಸಿ ಇರುವಾಗಲೇ ಬೆರಳನ್ನು ಚಪ್ಪಟೆಯಾಗಿ ಒತ್ತಿ. ಹೆಬ್ಬೆರಳು ಆಗದಿದ್ದರೆ ನಡುಬೆರಳು, ಉಂಗುರಬೆರಳು ನೋಡಿ. ಕಾರ್ಡಿನಲ್ಲಿ ಹೆಸರಿರುವ ಮನೆಯ ಬೇರೆ ಯಾರಾದರೂ ಕೊಡಬಹುದು, ಯಜಮಾನಿಯೇ ಬರಬೇಕೆಂದಿಲ್ಲ. ಪ್ರತಿ ತಿಂಗಳೂ ಇದೇ ಗೋಳಾದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಿಸಿ. ಒಂಟಿಯಾಗಿರುವ ಮುದುಕಿಗೆ ಇಷ್ಟೆಲ್ಲ ಯಾರು ಮಾಡಿಸಿಕೊಡಬೇಕು? ಅವಳ ಪಾಲಿಗೆ, ಹೆಸರು ಹಿಡಿದು ಕೂಗಿ ಅಕ್ಕಿ ಅಳೆದು ಕೊಡುತ್ತಿದ್ದ ಅಂಗಡಿಯಾತನ ಕಾಲವೇ ಚೆನ್ನಾಗಿತ್ತು, ಆತ ಪ್ರಾಮಾಣಿಕನಾಗಿದ್ದರೆ.

ಹಳೆಯ ಕಾಲ ಖಚಿತವಾಗಿ ಮೇಲಾಗಿದ್ದದ್ದು ಸಂಜೆಯಲ್ಲಿ. ಕಚೇರಿಗೆ ಬೀಗ ಬಿದ್ದರೆ ಕೆಲಸ ಅಲ್ಲೇ ಉಳಿಯುತ್ತಿತ್ತು. ಹೇಳಲೇಬೇಕಾದದ್ದಿದ್ದರೆ ಎಕ್ಸ್‌ಚೇಂಜಿಗೆ ಹೇಳಿ ಟ್ರಂಕ್ ಕಾಲ್, ಅಂದರೆ ದೂರದೂರಿನ ಕರೆ, ಬುಕ್ ಮಾಡಬೇಕು. ಅರ್ಜೆಂಟ್ ಎಂದರೆ ದುಪ್ಪಟ್ಟು ದರ, ಮೂರು ನಿಮಿಷಕ್ಕೊಮ್ಮೆ ಲೆಕ್ಕ. ಟೆಲಿಗ್ರಾಂ ಆದರೆ ಪದಕ್ಕೆ ಪದ ಎಣಿಸಿ ದುಡ್ಡು. ಹಾಗಾಗಿ ಜನ ಹೇಳುವ ಮೊದಲು, ಇದು ಅಷ್ಟು ಮುಖ್ಯವೇ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಿತು. ಈಗ ರಾತ್ರಿ ಹತ್ತಕ್ಕೆ ಶಾಲೆಯ ಗುಂಪಿನಲ್ಲಿ ಮರುದಿನದ ಚಾರ್ಟ್ ಪೇಪರಿನ ಸಂದೇಶ ಬರುತ್ತದೆ, ಕಳಿಸಿದವರಿಗೆ ಒಂದು ಪೈಸೆಯೂ ಖರ್ಚಿಲ್ಲ.

ಆ ಸಂಜೆಯ ಸ್ವಲ್ಪ ಭಾಗವನ್ನಾದರೂ ಫೋನಿನಿಂದಲೇ ಹಿಂದಕ್ಕೆ ಪಡೆಯಬಹುದು. ಸೆಟ್ಟಿಂಗ್ಸಿನಲ್ಲಿ 'ಡು ನಾಟ್ ಡಿಸ್ಟರ್ಬ್' ಎಂದಿದೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ತಾನಾಗಿ ಆನ್ ಆಗುವಂತೆ ಹೊತ್ತು ಗೊತ್ತುಮಾಡಿ. ಮನೆಯವರ ನಂಬರುಗಳಿಗೆ ವಿನಾಯಿತಿ ಕೊಡಿ. 'ರಿಪೀಟ್ ಕಾಲರ್ಸ್' ಆನ್ ಮಾಡಿದರೆ, ಆಂಡ್ರಾಯ್ಡ್ ಫೋನಿನಲ್ಲಿ ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಕರೆ ಬಂದಾಗ ಗಂಟೆ ಬಾರಿಸುತ್ತದೆ. ನಿಜವಾದ ತುರ್ತಿಗೆ ಅಷ್ಟು ಸಾಕು. ಬಹಳ ಜನ ಎಡವುವುದು ಎಲ್ಲಿ ಎಂದರೆ, ವಿನಾಯಿತಿ ಕೊಡುವುದನ್ನು ಮರೆತು ಬರೀ ಸೈಲೆಂಟಿಗೆ ಹಾಕುತ್ತಾರೆ. ಆಸ್ಪತ್ರೆಯಿಂದ ಬಂದ ಕರೆಯೂ ತಪ್ಪುತ್ತದೆ, ಆಮೇಲೆ ಹೆದರಿ ಅದನ್ನು ಮುಟ್ಟುವುದೇ ಇಲ್ಲ.

ಕೊನೆಯದಾಗಿ, ಹಿಂದೆ ಫೋನಿದ್ದ ಮನೆಗಳಲ್ಲಿ ಅದರ ಪಕ್ಕ ಒಂದು ನಂಬರಿನ ಪುಸ್ತಕ ಇರುತ್ತಿತ್ತು. ಅದನ್ನು ಮತ್ತೆ ಇಟ್ಟುಕೊಳ್ಳಿ. ಫೋನ್ ಕಳೆದರೆ ನಂಬರು, ಬ್ಯಾಂಕು, ಗುರುತಿನ ಚೀಟಿ, ಫೋಟೋ ಎಲ್ಲ ಒಟ್ಟಿಗೆ ಹೋಗುತ್ತವೆ. ಪುಸ್ತಕದಲ್ಲಿ ಮನೆಯವರ ಐದಾರು ನಂಬರು, ಬ್ಯಾಂಕಿನ ಸಹಾಯವಾಣಿ, ಸೈಬರ್ ಅಪರಾಧಕ್ಕೆ 1930, ವಿದ್ಯುತ್ ದೂರಿಗೆ 1912, ಕರೆಂಟ್ ಬಿಲ್ಲಿನ ಆರ್.ಆರ್. ಸಂಖ್ಯೆ, ಗ್ಯಾಸಿನ ಗ್ರಾಹಕ ಸಂಖ್ಯೆ ಇರಲಿ. ಫೋನಿನಲ್ಲಿ *#06# ಒತ್ತಿದರೆ ಆ ಫೋನಿನ ಗುರುತಿನ ಸಂಖ್ಯೆಯಾದ 15 ಅಂಕಿಯ ಐಎಂಇಐ ಬರುತ್ತದೆ, ಅದನ್ನೂ ಬರೆದಿಡಿ. ಕಳೆದ ದಿನ ಮೊದಲು ಸಿಮ್ ಬ್ಲಾಕ್ ಮಾಡಿಸಿ, ಆಮೇಲೆ ಬ್ಯಾಂಕಿಗೆ ತಿಳಿಸಿ, ಪೊಲೀಸ್ ದೂರು ಕೊಟ್ಟು, ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ಐಎಂಇಐ ಹಾಕಿ ಫೋನನ್ನೇ ನಿಷ್ಕ್ರಿಯಗೊಳಿಸಬಹುದು. ಪಿನ್ನು, ಪಾಸ್‌ವರ್ಡು ಮಾತ್ರ ಆ ಪುಸ್ತಕದಲ್ಲಿ ಬರೆಯಬೇಡಿ.

ನಮಸ್ಕಾರ.