ಪಿಡಿಎಫ್‌ಗೆ ತೇಪೆ ಹಾಕೋದು ಬಿಡಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡೋದಿದೆ. ಮಾರ್ಕ್‌ಡೌನ್‌ನಲ್ಲೋ (ಸರಳ ಗುರುತು ಹಾಕಿ ಬರೆಯೋ ಪಠ್ಯ) ಎಚ್‌ಟಿಎಂಎಲ್‌ನಲ್ಲೋ (ವೆಬ್ ಪುಟದ ಭಾಷೆ) ನೀಟಾಗಿ ಬರೀತಾರೆ, ಪಿಡಿಎಫ್ ಮಾಡ್ತಾರೆ, ಅದು ಕೆಟ್ಟು ಬಂದ್ರೆ ಆ ಪಿಡಿಎಫ್‌ನೇ ಎಡಿಟರ್‌ನಲ್ಲಿ ತೆರೆದು ಅಲ್ಲಲ್ಲೇ ಎಳೆದು ಸರಿಮಾಡ್ತಾರಲ್ಲ, ಅವರ ಜೊತೆ. ನಾಳೆ ಮೊದಲು ಬರೆದ ಮೂಲ ಫೈಲ್‌ನಲ್ಲಿ ಒಂದು ಸಾಲು ಬದಲಾದ್ರೆ, ಅಷ್ಟೂ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ಕೆಟ್ಟು ಬರೋದು ಯಾಕೆ? ಸ್ಕ್ರೀನಿಗೆ ಪುಟ ಅನ್ನೋದೇ ಇಲ್ಲ, ಬರಹ ಕೆಳಗೆ ಹರೀತಾ ಹೋಗುತ್ತೆ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಎತ್ತರ, ಅಷ್ಟೇ. 2004ರಲ್ಲಿ ಜಾನ್ ಗ್ರೂಬರ್ ಮಾರ್ಕ್‌ಡೌನ್ ಹೊರತಂದಿದ್ದೇ ವೆಬ್‌ಗೆ ಬರೆಯೋದು ಸುಲಭ ಆಗ್ಲಿ ಅಂತ. ಅದರಲ್ಲಿ ಪುಟ ಒಡೆಯೋ ಗುರುತೂ ಇಲ್ಲ, ಟೇಬಲ್ಲೂ ಇರಲಿಲ್ಲ. ಟೇಬಲ್ ಆಮೇಲೆ ಬೇರೆಬೇರೆಯವರು ಸೇರಿಸಿದ್ದು.

ಆ ಟೇಬಲ್ ಕಥೆನೇ ಕೇಳಿ. ಮಾರ್ಕ್‌ಡೌನ್‌ನ ಪಿಡಿಎಫ್ ಮುಂತಾದ ರೂಪಕ್ಕೆ ಬದಲಿಸೋ ಪ್ಯಾಂಡಾಕ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಪೈಪ್ ಗೆರೆ (|) ಹಾಕಿ ಟೇಬಲ್ ಬರೆದಿದ್ದೀರಿ, ಚೆನ್ನಾಗೇ ಬರ್ತಿದೆ. ಯಾವುದೋ ಒಂದು ಸಾಲಿಗೆ ನಾಲ್ಕು ಪದ ಸೇರಿಸಿದ್ರಿ. ತಕ್ಷಣ ಇಡೀ ಟೇಬಲ್ ಹಾಳೆ ಅಗಲಕ್ಕೆ ಹಿಗ್ಗಿ, ಬರೀ ಕ್ರಮಸಂಖ್ಯೆ ಇರೋ ಕಾಲಂ ಅರ್ಧ ಪುಟ ತಿಂದು ಕೂತಿದೆ. ದೆವ್ವ ಅಲ್ಲ ರೀ, ನಿಯಮ! ಮೂಲದ ಯಾವುದಾದ್ರೂ ಒಂದು ಸಾಲು 72 ಅಕ್ಷರ ದಾಟಿದ್ರೆ ಟೇಬಲ್ ಪೂರ್ತಿ ಅಗಲ ತಗೊಳುತ್ತೆ. ಯಾವ ಕಾಲಂಗೆ ಎಷ್ಟು ಪಾಲು ಅನ್ನೋದನ್ನ ತಲೆಬರಹದ ಕೆಳಗಿನ ಸಣ್ಣ ಅಡ್ಡಗೆರೆಗಳನ್ನ (-) ಎಣಿಸಿ ಹಂಚುತ್ತೆ. ನೀವು ಎಲ್ಲ ಕಡೆ ಮೂರುಮೂರು ಗೆರೆ ಹಾಕಿದ್ರಿ, ಅದು ಸಮಪಾಲು ಕೊಡ್ತು. ಕ್ರಮಸಂಖ್ಯೆಗೆ ಮೂರು, ವಿವರಣೆಗೆ ಮೂವತ್ತು ಹಾಕಿ, ಮುಗೀತು.

ಬ್ರೌಸರ್‌ನಿಂದ ಪ್ರಿಂಟ್ ಮಾಡೋರಿಗೆ ಕಾಟ ಕೊಡೋದು ಕೋಡ್ ಡಬ್ಬಿ (ಪ್ರೋಗ್ರಾಂ ಸಾಲುಗಳನ್ನ ತೋರಿಸೋ ಚೌಕ). ಸ್ಕ್ರೀನ್‌ನಲ್ಲಿ ಪಕ್ಕಕ್ಕೆ ಸ್ಕ್ರೋಲ್ ಆಗ್ತಿತ್ತು, ಕಾಗದ ಸ್ಕ್ರೋಲ್ ಆಗುತ್ತಾ? ಸಾಲಿನ ಬಾಲ ಕತ್ತರಿಸಿ ಹೋಗುತ್ತೆ. ಸಿಎಸ್‌ಎಸ್‌ನಲ್ಲಿ, ಅಂದ್ರೆ ವೆಬ್ ಪುಟ ಹೇಗೆ ಕಾಣಬೇಕು ಅಂತ ಹೇಳೋ ನಿಯಮಗಳಲ್ಲಿ, ಪ್ರಿಂಟ್‌ಗೆ ಅಂತಲೇ ಇರೋ ಭಾಗದಲ್ಲಿ ಸಾಲು ಮಡಿಸೋಕೆ ಹೇಳಬೇಕು, ಪ್ರಿ-ರ‍್ಯಾಪ್ ಅಂತ.

ಪ್ಯಾಂಡಾಕ್‌ನಿಂದ ಲೇಟೆಕ್ (ಪುಟ ಜೋಡಿಸೋ ಸಾಫ್ಟ್‌ವೇರ್) ದಾರಿಯಲ್ಲಿ ಪಿಡಿಎಫ್‌ಗೆ ಹೋಗೋರಿಗೆ ನನ್ನ ಹಟ ಒಂದೇ: ನೇರವಾಗಿ ಪಿಡಿಎಫ್ ತೆಗೆದು ತಲೆ ಕೆರ್ಕೋಬೇಡಿ, ನಡುವಿನ ಟೆಕ್ ಫೈಲ್ ಹೊರಗೆ ತೆಗೆದು ಓದಿ. ಚಿತ್ರ ಯಾಕೆ ಎರಡು ಪುಟ ಆಚೆ ಹೋಯ್ತು ಅನ್ನೋದು ಅಲ್ಲೇ ಕಾಣುತ್ತೆ. ಶೀರ್ಷಿಕೆ ಇರೋ ಚಿತ್ರ ಒಂಟಿ ಪ್ಯಾರಾದಲ್ಲಿದ್ರೆ ಪ್ಯಾಂಡಾಕ್ ಅದನ್ನ ಫಿಗರ್ ಮಾಡುತ್ತೆ, ಫಿಗರ್‌ನ ಲೇಟೆಕ್ ಜಾಗ ಸಿಕ್ಕಲ್ಲಿಗೆ ತೇಲಿಸುತ್ತೆ. ಲಾಗ್, ಅಂದ್ರೆ ಲೇಟೆಕ್ ಬರೆದಿಡೋ ಕೆಲಸದ ವರದಿ, ಅದನ್ನೂ ಓದಿ. 'ಓವರ್‌ಫುಲ್ ಎಚ್‌ಬಾಕ್ಸ್' ಅಂತ ಬಂದ್ರೆ ಎಷ್ಟು ಪಾಯಿಂಟ್ ಅಂಚು ದಾಟಿದೆ ಅಂತ ಲೆಕ್ಕ ಸಮೇತ ಹೇಳಿರುತ್ತೆ. ಅಷ್ಟು ಪ್ರಾಮಾಣಿಕವಾಗಿ ದೂರು ಕೊಡೋ ಸಾಫ್ಟ್‌ವೇರ್‌ನ ನಾವು ಕಿವಿಗೇ ಹಾಕ್ಕೊಳಲ್ಲ.

ಕನ್ನಡ ಬರೆಯೋರಿಗೆ ಇನ್ನೊಂದು ಮಾತು. ಪಿಡಿಎಫ್ ಮಾಡೋಕೆ ಪ್ಯಾಂಡಾಕ್ ತಾನಾಗಿ ಆರಿಸೋದು ಪಿಡಿಎಫ್‌ಲೇಟೆಕ್ ಅನ್ನೋ ಲೇಟೆಕ್ ಎಂಜಿನ್, ನಮ್ಮ ಲಿಪಿಗೆ ಅದು ಆಗಿಬರಲ್ಲ. ಅದರ ಬದಲು ಝೀಲೇಟೆಕ್ ಎಂಜಿನ್ ಆರಿಸಿ, ಕನ್ನಡ ಫಾಂಟ್ ಹೆಸರು ಕೊಡಿ, ಲಿಪಿ ಕನ್ನಡ ಅಂತಲೂ ಹೇಳಿ. ಇಲ್ಲದಿದ್ರೆ ಒತ್ತಕ್ಷರ ಬಿಡಿಬಿಡಿಯಾಗಿ ಬಂದು ಕೂತರೂ ಆಶ್ಚರ್ಯ ಇಲ್ಲ. ಫಾಂಟ್‌ನಲ್ಲಿ ಅಕ್ಷರವೇ ಇಲ್ಲ ಅಂದ್ರಂತೂ ಅದರ ಸುದ್ದಿ ಸಿಗೋದು ಲಾಗ್‌ನ ಎಚ್ಚರಿಕೆ ಸಾಲಿನಲ್ಲಿ. ಪಿಡಿಎಫ್ ಏನೂ ಆಗದವರ ಹಾಗೆ ಸಲೀಸಾಗಿ ತಯಾರಾಗಿರುತ್ತೆ!

ಪುಟ ಒಡೆಯೋದು ಮಾತ್ರ ಕಟ್ಟಕಡೇಲಿ ಮಾಡಿ. ತಲೆಬರಹ ಪುಟದ ಬುಡದಲ್ಲಿ ಒಂಟಿಯಾಗಿ ನಿಂತಿದೆ ಅಂತ ಮೊದಲೇ ಕೈಯಾರೆ ಒಡೆದ್ರೆ, ಆಮೇಲೆ ಒಂದು ಟೇಬಲ್ ಕುಗ್ಗಿದಾಗ ನಡುವೆ ಅರ್ಧ ಪುಟ ಖಾಲಿ ಬಿದ್ದಿರುತ್ತೆ. ಸಿಎಸ್‌ಎಸ್‌ನಲ್ಲಾದ್ರೆ ತಲೆಬರಹದ ನಂತರ ಒಡೀಬೇಡ ಅಂತ ಒಂದೇ ನಿಯಮ ಬರೆದಿಡಿ. ಎಲ್ಲ ತಲೆಬರಹಕ್ಕೂ ಅದೇ ಸಾಕು. ಅದಕ್ಕೂ ಬಗ್ಗದ ಒಂದೆರಡು ಜಾಗ ಉಳಿದ್ರೆ ಮಾತ್ರ ಕೈ ಹಾಕಿ, ಅದೂ ಮೂಲ ಫೈಲ್‌ನಲ್ಲಿ.