ಸೀದ ಕಾಳು ಇಲ್ಲಿಗೆ ಹೇಗೆ ಬಂತು?

ಎಲ್ಲರಿಗೂ ನಮಸ್ಕಾರ. ಪುರಾತತ್ವ ಓದಲು ಬಂದವರ ತಲೆಯಲ್ಲಿ ಸಾಮಾನ್ಯವಾಗಿ ಇರುವುದು ಗೋಡೆ, ಮಡಕೆ, ನಾಣ್ಯ. ನಾನು ಮಾತಾಡಲು ಬಂದಿರುವುದು ಉಗುರಿನ ತುದಿಯಲ್ಲಿ ಕೂರುವ, ಮುಟ್ಟಿದರೆ ಮಸಿ ಹತ್ತುವ ಒಂದು ಕಾಳಿನ ಬಗ್ಗೆ.

ಮಣ್ಣಿಗೆ ಬಿದ್ದ ಬೀಜ ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ಸಾವಿರಾರು ವರ್ಷ ಉಳಿಯಬೇಕಾದರೆ ಸಾಮಾನ್ಯವಾಗಿ ಅದು ಸೀದಿರಬೇಕು. ಪೂರ್ತಿ ಉರಿದರೆ ಬೂದಿ. ಗಾಳಿ ಸಾಲದೆ ಕೆಂಡದಡಿ ಸಿಕ್ಕಿಕೊಂಡರೆ ಇದ್ದಿಲು. ಇದ್ದಿಲು ಅಷ್ಟು ಸುಲಭವಾಗಿ ಕೊಳೆಯುವುದಿಲ್ಲ. ಹಾಗಾಗಿ ನಮಗೆ ಸಿಗುವುದು ಹೊಟ್ಟೆಗೆ ಹೋದ ಊಟವಲ್ಲ, ಕೈತಪ್ಪಿ ಒಲೆಗೆ ಬಿದ್ದದ್ದು. ಬೇಯಿಸಿ ತಿಂದ ಸೊಪ್ಪು, ಗೆಡ್ಡೆ ನಮ್ಮ ಪಟ್ಟಿಗೆ ಬರುವುದು ಅಪರೂಪ.

ತೀರಾ ಒಣ ನೆಲ ಅಥವಾ ನೀರಿನಡಿಯ ಕೆಸರಾದರೆ ಸೀಯದಿದ್ದರೂ ಉಳಿಯುತ್ತದೆ. ಇಸ್ರೇಲಿನ ಗಲಿಲೀ ಸರೋವರದ ನೀರು ಇಳಿದಾಗ, 1989ರಲ್ಲಿ, ಒಹಾಲೊ-2 ಎಂಬ ನೆಲೆ ಕಣ್ಣಿಗೆ ಬಿತ್ತು. ಸುಮಾರು 23,000 ವರ್ಷ ಹಿಂದಿನ ಗುಡಿಸಲುಗಳು. ಅಲ್ಲಂತೂ ಎರಡೂ ಕೂಡಿಬಂದಿದ್ದವು: ಗುಡಿಸಲು ಸುಟ್ಟಿತ್ತು, ಮೇಲೆ ನೀರೂ ನಿಂತಿತ್ತು. 140ಕ್ಕೂ ಹೆಚ್ಚು ಬಗೆಯ ಗಿಡಗಳ ಕುರುಹು ಸಿಕ್ಕಿತು. ಅಷ್ಟು ಅದೃಷ್ಟ ಎಲ್ಲರಿಗೂ ಇರುವುದಿಲ್ಲ ಬಿಡಿ.

ಕಾಳನ್ನು ಮಣ್ಣಿನಿಂದ ಬಿಡಿಸುವ ವಿಧಾನಕ್ಕೆ ಫ್ಲೋಟೇಶನ್ ಅನ್ನುತ್ತೇವೆ. ಹೆಸರು ದೊಡ್ಡದು, ಕೆಲಸ ಸರಳ. ಮಣ್ಣನ್ನು ನೀರಿಗೆ ಸುರಿದು ಮೆಲ್ಲಗೆ ಕದಡಿದರೆ ಇದ್ದಿಲು ತೇಲುತ್ತದೆ. ತೇಲಿದ್ದನ್ನು ಕಾಲು ಮಿಲಿಮೀಟರ್ ಕಣ್ಣಿನ ಜರಡಿಗೆ ಬಗ್ಗಿಸಿ, ನೆರಳಲ್ಲಿ ಒಣಗಿಸಬೇಕು. ಅವಸರಕ್ಕೆ ಬಿಸಿಲಿಗೆ ಇಟ್ಟಿರೋ, ಕಾಳು ಸೀಳಿ ಪುಡಿಯಾಗುತ್ತದೆ. ಯಾವ ಪದರದ, ಎಷ್ಟು ಲೀಟರ್ ಮಣ್ಣು ಎಂದು ಚೀಟಿ ಬರೆಯದಿದ್ದರೆ ಮುಂದಿನ ಕೆಲಸವೆಲ್ಲ ದಂಡ.

ಆಮೇಲೆ ಸೂಕ್ಷ್ಮದರ್ಶಕ, ಒಂದು ಮೆತ್ತನೆ ಕುಂಚ, ತುಂಬಾ ತಾಳ್ಮೆ. ಇಲ್ಲಿ ಬಾರ್ಲಿಯನ್ನೇ ನೋಡಿ. ಆರು ಸಾಲಿನ ಬಾರ್ಲಿಯಲ್ಲಿ ಮೂರು ಕಾಳು ಒಟ್ಟಿಗೆ ಕೂರುತ್ತವೆ. ನಡುವಿನದು ನೆಟ್ಟಗಿರುತ್ತದೆ, ಪಕ್ಕದ ಎರಡು ಸ್ವಲ್ಪ ತಿರುಚಿಕೊಂಡಿರುತ್ತವೆ. ಎರಡು ಸಾಲಿನದರಲ್ಲಿ ಎಲ್ಲವೂ ನೆಟ್ಟಗೆ. ಸೀದ ಮೇಲೂ ಆ ತಿರುಚು ಕಾಣುತ್ತದೆ! ಹಾಗೆಯೇ ಕಾಡು ಗೋಧಿಯ ತೆನೆ ಮಾಗಿದಾಗ ತಾನಾಗಿ ಉದುರುತ್ತದೆ. ಕಳಚಿದ ಜಾಗ ನುಣುಪು. ಬೆಳೆಸಿದ ಗೋಧಿಯನ್ನು ಬಡಿದೇ ಬಿಡಿಸಬೇಕು. ಮುರಿದ ಜಾಗ ಒರಟು. ಬೇಸಾಯ ಶುರುವಾದ ಕಥೆಯ ದೊಡ್ಡ ಭಾಗ ಈ ಸಣ್ಣ ಗಾಯದ ಮೇಲೆ ನಿಂತಿದೆ. ಹೊಟ್ಟು ಅಂತ ಸುಮ್ನೆ ಎಸೆಯಬೇಡಿ.

ಹೆಸರು ಹೇಳುವುದು ಅಭ್ಯಾಸವಾದರೆ ಬರುತ್ತದೆ. ಕಷ್ಟ ಇರುವುದು ಇನ್ನೊಂದು ಪ್ರಶ್ನೆಯಲ್ಲಿ: ಇದು ಇಲ್ಲಿಗೆ ಹೇಗೆ ಬಂತು? ಒಲೆಯ ಬೂದಿಯಲ್ಲಿ ನಾಲ್ಕು ಬಾರ್ಲಿ ಕಾಳು, ಜೊತೆಗೆ ರಾಶಿ ಹುಲ್ಲಿನ ಬೀಜ ಸಿಕ್ಕಿತು ಅನ್ನಿ. ‘ಇವರು ಬಾರ್ಲಿ ತಿನ್ನುತ್ತಿದ್ದರು’ ಎಂದು ಬರೆದುಬಿಡುವ ಆಸೆ ಆಗುತ್ತದೆ ಅಲ್ವಾ? ನಾನೂ ವಿದ್ಯಾರ್ಥಿಯಾಗಿದ್ದಾಗ ಬರೆದಿದ್ದೆ. ನಮ್ಮ ಮೇಷ್ಟ್ರು ಪಕ್ಕದಲ್ಲಿ ಒಂದೇ ಪದ ಗೀಚಿದ್ದರು: ‘ಸಗಣಿ?’ ದನ ಮೇದ ಬೀಜ ಸಗಣಿಯಲ್ಲಿ ಹೊರಬಂದು, ಬೆರಣಿಯಾಗಿ ಒಲೆ ಸೇರಿರಬಹುದು. ಆಗ ಅದು ದನದ ಮೇವು, ಮನುಷ್ಯರ ಊಟವಲ್ಲ. ಇಲ್ಲವೇ ಕಾಳು ಜರಡಿ ಹಿಡಿದಾಗ ಕೆಳಗೆ ಬಿದ್ದ ಕಳೆಬೀಜವನ್ನು ಬೆಂಕಿಗೆ ಎಸೆದಿರಬಹುದು. ಹಳೆಯ ಕಾಳು-ಬೀಜಗಳನ್ನೇ ಅಧ್ಯಯನ ಮಾಡಿದ ಪುರಾತತ್ವಜ್ಞ ಗಾರ್ಡನ್ ಹಿಲ್‌ಮನ್ ಇದಕ್ಕೆಂದೇ ಟರ್ಕಿಯ ರೈತರ ಜೊತೆ ಕೂತು, ಒಕ್ಕುವುದು, ತೂರುವುದು, ಜರಡಿ ಹಿಡಿಯುವುದು, ಒಂದೊಂದು ಹಂತದಲ್ಲೂ ಏನು ಉಳಿಯುತ್ತದೆ ಎಂದು ನೋಡಿದರು. ಆ ಉಳಿಕೆಗಳ ಜೊತೆ ನಮ್ಮ ಡಬ್ಬಿಯದನ್ನು ಹೋಲಿಸುತ್ತೇವೆ.

ಇನ್ನು ಕಾಲದ ಲೆಕ್ಕ. ಕಂಬದ ಮರ ಕಡಿಯುವ ಹೊತ್ತಿಗೇ ನೂರಾರು ವರ್ಷದ್ದಾಗಿರಬಹುದು. ಕಾಳು ಒಂದೇ ವರ್ಷದ ಫಸಲು. ಹಾಗಾಗಿ ವಸ್ತು ಎಷ್ಟು ಹಳೆಯದು ಎಂದು ತಿಳಿಸುವ ಕಾರ್ಬನ್ ಪರೀಕ್ಷೆಗೆ ಕಾಳೇ ವಾಸಿ. ಆದರೆ ಪರೀಕ್ಷೆಯಲ್ಲಿ ಕಾಳು ಉಳಿಯುವುದಿಲ್ಲ. ಕೊಡುವ ಮುಂಚೆ ಅಳತೆ ತೆಗೆದು, ಫೋಟೊ ಹಿಡಿದಿಡಿ.

ನಾಳೆ ಪ್ರಯೋಗಾಲಯದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಡಬ್ಬಿ ಕೊಡುತ್ತೇನೆ. ಅದರಲ್ಲಿ ಬೇರಿನ ಚೂರು, ಇರುವೆ ಹೊತ್ತು ತಂದ ಹೊಸ ಬೀಜ ಇವೇ ಜಾಸ್ತಿ ಇರುತ್ತವೆ. ಅವನ್ನೂ ಎಣಿಸಿ ಬರೆದುಕೊಳ್ಳಿ. ಫ್ಯಾನ್ ಮಾತ್ರ ಹಾಕಬೇಡಿ, ಎಲ್ಲ ಹಾರಿಹೋಗುತ್ತದೆ.