ಗಿಡ್ಡದ ಹೊಟ್ಟೆಯಲ್ಲಿ ಜರ್ಸಿ ಕರು

ಎಲ್ಲರಿಗೂ ನಮಸ್ಕಾರ. ಇವತ್ತು ಸಾಕುಪ್ರಾಣಿಗಳ ಜೀನ್ ಎಡಿಟಿಂಗ್, ಅಂದರೆ ಅವುಗಳ ಜೀನನ್ನೇ ತಿದ್ದುವ ಕೆಲಸದ ಬಗ್ಗೆ ಮಾತಾಡ್ತೇನೆ. ಆದರೆ ಶಿರಸಿ ಹತ್ತಿರದ ನಮ್ಮನೆ ಕೊಟ್ಟಿಗೆಯಿಂದಲೇ ಶುರು ಮಾಡಬೇಕು.

ನಮ್ಮಲ್ಲಿ ಗೌರಿ ಅಂತ ಮಲೆನಾಡು ಗಿಡ್ಡ ತಳಿಯ ಒಂದು ದನ ಇತ್ತು. ನನ್ನ ಸೊಂಟದಷ್ಟೇ ಎತ್ತರ. ಬೆಳಿಗ್ಗೆ ಹಗ್ಗ ಬಿಚ್ಚಿದರೆ ಬೆಟ್ಟಕ್ಕೆ ಹೋಗಿ, ಸಂಜೆ ತಾನಾಗಿಯೇ ದಣಪೆ ಹತ್ತಿರ ಬಂದು ನಿಲ್ತಿತ್ತು. ಅದು ಬೆದೆಗೆ ಬಂದಾಗ ಊರಲ್ಲಿ ಗಿಡ್ಡ ಹೋರಿ ಒಂದೂ ಉಳಿದಿರಲಿಲ್ಲ. ಹೋರಿಯ ವೀರ್ಯದ ಇಂಜೆಕ್ಷನ್ ಮಾಡಿಸೋಣ ಅಂತ ಹೋದರೆ, "ಗಿಡ್ಡದ್ದು ಸ್ಟಾಕ್ ಇಲ್ಲ, ಜರ್ಸಿ ಇದೆ, ಹಾಲೂ ಜಾಸ್ತಿ ಬರ್ತದೆ" ಅಂದರು. ನಾವೂ ಹೂಂ ಅಂದೆವು.

ಕರು ಹಾಕಿದ್ದು ಆಷಾಢದ ಒಂದು ರಾತ್ರಿ, ಜಡಿಮಳೆಯಲ್ಲಿ. ಎರಡು ಗೊರಸು ಹೊರಗೆ ಬಂದು ಅಲ್ಲೇ ನಿಂತುಬಿಟ್ಟವು. ಆಯಿ ಬ್ಯಾಟರಿ ಹಿಡಿದು ಕೂತಿದ್ದಳು. ನಾನೂ ಪಕ್ಕದ ಮನೆಯ ಅಣ್ಣನೂ ಗೊರಸಿನ ಮೇಲೆ ಹಗ್ಗ ಕಟ್ಟಿ ಹಿಡಿದಿದ್ದೆವು. "ತಮಾ, ಅದು ತಿಣುಕಿದಾಗ ಮಾತ್ರ ಎಳಿ" ಅಂತ ಆಯಿ ಮತ್ತೆ ಮತ್ತೆ ಹೇಳ್ತಿದ್ದಳು. ಗೌರಿ ಕೂಗುವುದನ್ನೂ ನಿಲ್ಲಿಸಿ ದರಕಿನ ಮೇಲೆ ಕತ್ತು ಚಾಚಿ ಮಲಗಿತ್ತು. ಕೊನೆಗೆ ಕರು ಬಂತು. ದೊಡ್ಡ ತಲೆ, ಉದ್ದ ಕಾಲು, ಚೆಂದದ ಕಂದು ಬಣ್ಣ. ಉಸಿರಿರಲಿಲ್ಲ. ಗೌರಿ ಎದ್ದು ನಿಲ್ಲೋಕೆ ಎರಡು ದಿನ ಬೇಕಾಯಿತು. ಆಮೇಲೆ ಅದು ಗಬ್ಬ ಕಟ್ಟಲೇ ಇಲ್ಲ.

ಜರ್ಸಿ ಇಂಜೆಕ್ಷನ್ ಜೀನ್ ಎಡಿಟಿಂಗ್ ಅಲ್ಲ, ಅದು ನನಗೂ ಗೊತ್ತು. ಆದರೆ ಪ್ರಾಣಿಗೆ ಹೊಸ ಗುಣ ಸೇರಿಸ್ತೇವೆ ಅಂತ ಯಾರಾದರೂ ಹೇಳಿದ ಕೂಡಲೇ ನನಗೆ ಆ ರಾತ್ರಿ ನೆನಪಾಗ್ತದೆ. ನಾವು ಲೆಕ್ಕ ಹಾಕಿದ್ದು ಹಾಲನ್ನ. ಹೊರುವ ಹೊಟ್ಟೆಯನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಡಿಎನ್‌ಎಯಲ್ಲಿ ಬೇಕಾದ ಜಾಗ ಹುಡುಕಿ ಕತ್ತರಿಸುವ ಕ್ರಿಸ್ಪರ್ ಉಪಕರಣವನ್ನು ವಿಜ್ಞಾನಿಗಳಾದ ಜೆನಿಫರ್ ಡೌಡ್ನಾ ಮತ್ತು ಎಮಾನ್ಯುಯೆಲ್ ಶಾರ್ಪಾಂಟಿಯೆ 2012ರಲ್ಲಿ ಜಗತ್ತಿನ ಮುಂದಿಟ್ಟರು. 2020ರಲ್ಲಿ ಅದಕ್ಕೆ ನೊಬೆಲ್ ಬಂತು. ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. 2025ರಲ್ಲಿ ಕಾಶ್ಮೀರದ ಕೃಷಿ ವಿಶ್ವವಿದ್ಯಾಲಯ ಜೀನ್ ಎಡಿಟ್ ಮಾಡಿದ ಕುರಿಮರಿಯನ್ನು ತೋರಿಸಿತು. ತಿದ್ದಿದ್ದು ಮಯೋಸ್ಟ್ಯಾಟಿನ್ ಅನ್ನುವ ಜೀನ್. ಅದು ಸ್ನಾಯು ಅತಿಯಾಗಿ ಬೆಳೆಯದ ಹಾಗೆ ತಡೆಯುವ ಜೀನ್. ಆ ತಡೆ ತೆಗೆದರೆ ಮಾಂಸ ಜಾಸ್ತಿ. ಆ ವಿಜ್ಞಾನಿಗಳ ಶ್ರಮದ ಬಗ್ಗೆ ನನಗೆ ಗೌರವವಿದೆ.

ಆದರೆ ಇದೇ ಜೀನ್ ತಾನಾಗಿಯೇ ಕೆಟ್ಟ ಒಂದು ದನದ ತಳಿ ಬೆಲ್ಜಿಯಂನಲ್ಲಿದೆ, ಬೆಲ್ಜಿಯನ್ ಬ್ಲೂ ಅಂತ. ಮೈತುಂಬ ಗಂಟುಗಂಟಾದ ಮಾಂಸ. ಆ ತಳಿಯ ಹೆಚ್ಚಿನ ಕರುಗಳನ್ನು ತಾಯಿಯ ಹೊಟ್ಟೆ ಕೊಯ್ದೇ ತೆಗೀಬೇಕು. ಅಲ್ಲಿ ಆಪರೇಷನ್‌ಗೆ ಡಾಕ್ಟರು ಸಿಗ್ತಾರೆ. ನಮ್ಮ ಘಟ್ಟದ ಊರಿಗೆ ಮಳೆಗಾಲದ ರಾತ್ರಿ ಯಾರು ಬರ್ತಾರೆ? ಹಾಗಾಗಿ ಮಾಂಸ ಎಷ್ಟು ಪರ್ಸೆಂಟ್ ಜಾಸ್ತಿ ಅನ್ನೋದಕ್ಕಿಂತ ಮೊದಲು, ಆ ಕುರಿ ದೊಡ್ಡದಾಗಿ ಮರಿ ಹಾಕುವಾಗ ಹೇಗಿರ್ತದೆ ಅಂತ ಕೇಳೋದು ನ್ಯಾಯ.

ಹಾಗಂತ ಎಲ್ಲಾ ಎಡಿಟಿಂಗೂ ಬೇಡ ಅಂತ ನಾನು ಹೇಳೋದಿಲ್ಲ. ಮರಿಗಳನ್ನು ಕೊಂದು, ಗಬ್ಬದ ಹಂದಿಗಳಿಗೆ ಗರ್ಭಪಾತ ಮಾಡಿಸುವ ಪಿಆರ್‌ಆರ್‌ಎಸ್ ಅನ್ನುವ ವೈರಸ್ ಇದೆ. ಅದು ತಾಗದ ಹಾಗೆ ತಿದ್ದಿದ ಹಂದಿಗೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ ಲಾಭ ಪ್ರಾಣಿಗೂ ಇದೆ. ಕಾಲುಬಾಯಿ ಜ್ವರಕ್ಕೆ ಅಂಥದ್ದೊಂದು ಬಂದರೆ ಮೊದಲು ಕೈಮುಗಿಯೋನು ನಾನು.

ಕೊಂಬಿಲ್ಲದ ದನದ ಕತೆಯೂ ಇದೆ. ಕರುವಿನ ಕೊಂಬು ಸುಡುವ ನೋವು ತಪ್ಪಿಸೋ ಉದ್ದೇಶ ಒಳ್ಳೇದೇ. ಹಾಗೆ ತಿದ್ದಿದ ಎರಡು ಹೋರಿಗರು 2015ರಲ್ಲಿ ಅಮೆರಿಕದಲ್ಲಿ ಹುಟ್ಟಿದವು. 2019ರಲ್ಲಿ ಎಫ್‌ಡಿಎ ವಿಜ್ಞಾನಿಗಳು ಪರೀಕ್ಷಿಸಿದಾಗ ಒಂದರ ಜೀನುಗಳ ನಡುವೆ ಬ್ಯಾಕ್ಟೀರಿಯಾದ ಡಿಎನ್‌ಎ ಸಿಕ್ಕಿತು, ಆ್ಯಂಟಿಬಯಾಟಿಕ್‌ಗೆ ಬಗ್ಗದ ಜೀನೂ ಅದರೊಳಗಿತ್ತು. ಮಾಡಿದವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ಕೆಲವು ಬಗೆಯ ಎಡಿಟ್ ಮಾಡಿದ ಗಿಡಗಳಿಗೆ, ಜೀನ್ ಬದಲಿಸಿದ ಜೀವಿಗಳ ಮೇಲಿನ 1989ರ ನಿಯಮಗಳಿಂದ ವಿನಾಯಿತಿ ಕೊಟ್ಟಿದೆ. ಪ್ರಾಣಿಗಳಿಗೆ ಆ ವಿನಾಯಿತಿ ಕೊಡಲೇಬಾರದು.

ಇನ್ನೊಂದು ಮಾತು. ಸೆಕೆ ತಡೆಯೋಕೆ ದನಕ್ಕೆ ಗಿಡ್ಡ ಕೂದಲು ಬರೋ ಹಾಗೆ ಜೀನ್ ತಿದ್ದಿದ್ದಾರೆ. ಆ ಗುಣ ಮೊದಲು ಇದ್ದದ್ದು ಕೆರಿಬಿಯನ್ ದ್ವೀಪಗಳ ದನದಲ್ಲಿ. ಯಾರೋ ಆ ದನ ಸಾಕಿ ಉಳಿಸಿಕೊಂಡಿದ್ದಕ್ಕೆ ಲ್ಯಾಬಿನವರಿಗೆ ನಕಲು ಮಾಡೋಕೆ ಸಿಕ್ಕಿತು. ನಮ್ಮ ಗಿಡ್ಡ ಅಷ್ಟು ಮಳೆಯಲ್ಲಿ ನೆನೆದು, ಬೆಟ್ಟದ ಹುಲ್ಲು ತಿಂದು ಬದುಕ್ತದೆ. ಸಾಕುಪ್ರಾಣಿ ತಳಿಗಳನ್ನು ದಾಖಲಿಸುವ ಕರ್ನಾಲದ ರಾಷ್ಟ್ರೀಯ ಬ್ಯೂರೋ ಅದನ್ನ ತಳಿ ಅಂತ ದಾಖಲು ಮಾಡಿದೆ. ಆದರೆ ಹೋರಿ ಎಲ್ಲಿದೆ?

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಒಂದು ಜೀವವೈವಿಧ್ಯ ಸಮಿತಿ, ಊರಿನ ಜೀವವೈವಿಧ್ಯದ ಒಂದು ದಾಖಲೆ ಪುಸ್ತಕ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಅದನ್ನ ತರಿಸಿ, ಗಿಡ್ಡದ ಹೆಸರಿದೆಯಾ ನೋಡಿ. ನಮ್ಮ ಕೇರಿಯ ನಾಲ್ಕು ಮನೆಯವರು ಸೇರಿ ಈ ವರ್ಷ ಒಂದು ಗಿಡ್ಡ ಹೋರಿಗರು ತಂದಿದ್ದೇವೆ. ಹುಲ್ಲು, ಹಿಂಡಿ ಸರದಿ ಮೇಲೆ. ಈ ವಾರ ನಮ್ಮನೆ ಪಾಳಿ.